ಏಳನೇ ನಂಬರಿನ ಪೆಟ್ಟಿಗೆ

ಅಕ್ಕಯ್ಯಮ್ಮನವರು ತೊಂಬತ್ತೊಂದು ವರ್ಷ ಬದುಕಿದ್ದರು. ಇನ್ನೊಂದೇ ಒಂದು ದಿನ ಬದುಕಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ. ಆದರೆ ಅವರು ಆ ಗುರುವಾರ ಬೆಳಿಗ್ಗೆ ಆರೂವರೆಗೆ, ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ, ಯಾರಿಗೂ ತೊಂದರೆ ಕೊಡದೆ ಹೋಗಿಬಿಟ್ಟರು. ತೊಂದರೆಯಾದದ್ದು ಕೆಳಗಿನ ಕಂಪನಿಯಲ್ಲಿ ಮೆಕ್ಯಾನಿಕ್ ಆಗಿದ್ದ ರಘುನಾಥನೊಬ್ಬನಿಗೆ.

ಅಮೃತಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಇದ್ದ ಮನೆ ಅದು. ಅಕ್ಕಯ್ಯಮ್ಮನ ಮಗ ಅಶ್ವತ್ಥಪ್ಪನವರು ಅದರ ಮೇಲೆ ಎರಡು ಮಹಡಿ ಎಬ್ಬಿಸಿ, ಕೆಳಗೆ ಹಸು ಕಟ್ಟುತ್ತಿದ್ದ ಉದ್ದನೆಯ ಕೊಟ್ಟಿಗೆಗೆ ಗ್ರಾನೈಟ್ ಹಾಕಿಸಿ ಬಾಡಿಗೆಗೆ ಕೊಟ್ಟಿದ್ದರು. 2019ರ ಆ ಬೇಸಿಗೆಯಲ್ಲಿ ಅಲ್ಲಿದ್ದದ್ದು ಒಂದು ಕ್ವಾಂಟಂ ಕಂಪ್ಯೂಟರ್ ಕಂಪನಿ. ಕಂಪನಿ ಎಂದರೆ ಗಾಬರಿಯಾಗಬೇಕಿಲ್ಲ. ಚೈತ್ರ ಎಂಬ ಭೌತವಿಜ್ಞಾನದ ಡಾಕ್ಟರು, ಅವಳ ಜೊತೆ ಓದಿದ ಇಬ್ಬರು, ರಘುನಾಥ, ಮತ್ತೆ ಛಾವಣಿಯಿಂದ ಇಳಿಬಿಟ್ಟ ಒಂದು ಬಿಳಿ ಪೀಪಾಯಿ. ಹೊರದೇಶದ ಯಾವುದೋ ವಿಶ್ವವಿದ್ಯಾಲಯ ಹಳತಾಯಿತೆಂದು ಮಾರಿದ್ದನ್ನು ತಂದು ತೂಗುಹಾಕಿದ್ದರು. ಅದರೊಳಗೆ ಸೊನ್ನೆಗಿಂತ ಇನ್ನೂರ ಎಪ್ಪತ್ತಮೂರು ಡಿಗ್ರಿ ಕೆಳಗಿನ ಚಳಿ. ಆ ಚಳಿಯ ತಳದಲ್ಲಿ ಉಗುರಿನಷ್ಟು ಒಂದು ಕಂಪ್ಯೂಟರ್ ಚಿಪ್. ಆ ಚಿಪ್ಪಿನಲ್ಲಿ ಎರಡು ಕ್ಯೂಬಿಟ್, ಅಂದರೆ ಲೆಕ್ಕ ಹಾಕುವ ಘಟಕಗಳು. ಅವುಗಳಲ್ಲಿ ಒಂದು ಕೆಲಸ ಮಾಡುತ್ತಿರಲಿಲ್ಲ.

"ಮಾಮೂಲಿ ಕಂಪ್ಯೂಟರು ಹೌದು ಅಥವಾ ಇಲ್ಲ ಅನ್ನುತ್ತೆ. ಇದು ಹೌದು, ಇಲ್ಲ ಎರಡನ್ನೂ ಒಟ್ಟಿಗೆ ಹಿಡಿದುಕೊಂಡಿರುತ್ತೆ. ನಾವು ನೋಡಿದ ತಕ್ಷಣ ಒಂದಾಗಿಬಿಡುತ್ತೆ" ಎಂದು ಚೈತ್ರ ಮೊದಲ ದಿನವೇ ವಿವರಿಸಿದ್ದಳು. ಹೆಣ್ಣುಮಗಳ ತಂದೆಯಾದ ರಘುನಾಥನಿಗೆ ಅದು ಥಟ್ಟನೆ ಅರ್ಥವಾಗಿತ್ತು. ಗಂಡಿನ ಕಡೆಯವರೂ ಹಾಗೇ.

ಅವನ ಹಣೆಬರಹ ಆ ದಿನ ಎರಡು ಗಂಟೆಗಳ ಮೇಲೆ ನಿಂತಿತ್ತು. ಮಧ್ಯಾಹ್ನ ಮೂರಕ್ಕೆ ರಾಜಾನುಕುಂಟೆಯ ಚಿಕ್ಕಬೈರಪ್ಪನವರು ಯಂತ್ರ ನೋಡಲು ಬರುವವರಿದ್ದರು. ಹೊಲಗಳನ್ನೆಲ್ಲ ಲೇಔಟ್ ಮಾಡಿ ಮುಗಿಸಿದ್ದ ಅವರು ಮುಂದಿನ ಕಾಲದ ವಿದ್ಯೆಯಲ್ಲಿ ಬಂಡವಾಳ ಹಾಕುವ ಮನಸ್ಸು ಮಾಡಿದ್ದರು. ಅವರು ಒಪ್ಪದಿದ್ದರೆ ತಿಂಗಳ ಕೊನೆಗೆ ಕಂಪನಿಗೆ ಬೀಗ. ಸಂಜೆ ಆರೂವರೆಗೆ ಯಲಹಂಕದ ಅವನ ಮನೆಗೆ, ಮಗಳು ರಾಧಾಮಣಿಯನ್ನು ನೋಡಲು ಆರ್.ಟಿ. ನಗರದಿಂದ ಗಂಡಿನ ಕಡೆಯವರು ಬರುವವರಿದ್ದರು. ಬೀಗ ಬಿದ್ದರೆ ಆ ಸಂಬಂಧಕ್ಕೂ ಬೀಗ.

ಯಾಕೆಂದರೆ ರಘುನಾಥ ಈ ಕೆಲಸಕ್ಕೆ ಬರುವ ಮೊದಲು ಏಳು ವರ್ಷ ಯಶವಂತಪುರದಲ್ಲಿ ಹೆಣ ಇಡುವ ಫ್ರೀಜರ್ ಬಾಕ್ಸ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ರಿಪೇರಿ ಮಾಡುತ್ತಿದ್ದ. ಕೈ ಒಳ್ಳೆಯದು, ಹೆಸರು ಕೆಟ್ಟದ್ದು. ಬೀದಿಯಲ್ಲಿ ಅವನನ್ನು 'ಹೆಣದ ಪೆಟ್ಟಿಗೆ ರಘುನಾಥ' ಎನ್ನುತ್ತಿದ್ದರು. ಹಿಂದಿನ ವರ್ಷ ಮಾಕಳಿಯಿಂದ ಬರುತ್ತಿದ್ದ ಗಂಡಿನವರು ಬಸ್ ಸ್ಟಾಪಿನಲ್ಲಿ ಮನೆಯ ದಾರಿ ಕೇಳಿದಾಗ ಯಾರೋ ಪುಣ್ಯಾತ್ಮ ಆ ಹೆಸರು ಹೇಳಿಯೇ ದಾರಿ ತೋರಿಸಿದ್ದ. ಅವರು ಅಲ್ಲಿಂದಲೇ ಬಸ್ಸು ಹತ್ತಿ ವಾಪಸ್ಸಾದರು. ಆ ರಾತ್ರಿ ರಾಧಾಮಣಿ ಅತ್ತದ್ದು ಅವನಿಗೆ ಕೇಳಿಸಿತ್ತು. ಮಾರನೇ ವಾರವೇ ಅವನು ಕೆಲಸ ಬಿಟ್ಟು, ಚಳಿಯ ಯಂತ್ರ ನೋಡಿಕೊಳ್ಳುವವರು ಬೇಕೆಂಬ ಈ ಜಾಹೀರಾತು ಹಿಡಿದು ಬಂದಿದ್ದ. ಈಗ ಹೆಂಡತಿ ಧನಲಕ್ಷ್ಮಿ ಎಲ್ಲರಿಗೂ "ನಮ್ಮೋರು ಕಂಪ್ಯೂಟರ್ ಕಂಪನೀಲಿದ್ದಾರೆ" ಎನ್ನುತ್ತಿದ್ದಳು.

ಇನ್ನೊಂದು ಸಣ್ಣ ವಿಷಯ. ಅವನ ಮೊಬೈಲು ಎರಡು ದಿನದ ಹಿಂದೆ ಬಕೆಟ್ಟಿಗೆ ಬಿದ್ದು, ಕಿವಿಗಿಟ್ಟುಕೊಂಡರೆ ಏನೂ ಕೇಳುತ್ತಿರಲಿಲ್ಲ. ಲೌಡ್‌ಸ್ಪೀಕರ್ ಹಾಕಿದರೆ ಮಾತ್ರ ಮಾತಾಡುತ್ತಿತ್ತು, ಅದೂ ಇಡೀ ಬೀದಿಗೆ.

ಎಂಟು ಗಂಟೆಗೆ ಅವನು ಗೇಟು ತೆರೆದಾಗ ಅಶ್ವತ್ಥಪ್ಪನವರು ಮೆಟ್ಟಿಲ ಮೇಲೆ ಕೂತಿದ್ದರು.

"ಅವ್ವ ಓಗ್ಬುಟ್ಲು ಕಣಪ್ಪ" ಎಂದರು.

ರಘುನಾಥನಿಗೆ ನಿಜವಾಗಿಯೂ ಅಳು ಬಂತು. ದಿನಾ ಹತ್ತು ಗಂಟೆಗೆ ಅಕ್ಕಯ್ಯಮ್ಮ ಕೋಲೂರಿಕೊಂಡು ಇಳಿದು ಬಂದು, ಕೊಟ್ಟಿಗೆಯ ಬಾಗಿಲಲ್ಲಿ ಕೂತು, ಯಂತ್ರದ ಚುಯ್ ಚುಯ್ ಸದ್ದು ಕೇಳುತ್ತಿದ್ದರು. ತಮ್ಮ ಕರಿ ಹಸು ಇದೇ ಜಾಗದಲ್ಲಿ ಇಂಥದ್ದೇ ಉಸಿರು ಬಿಡುತ್ತಿತ್ತು ಎನ್ನುತ್ತಿದ್ದರು. "ಏನಪ್ಪಾ, ಲೆಕ್ಕ ಮಾಡ್ತಾ ನಿನ್ ಯಂತ್ರ?" ಎಂದು ಕೇಳುವರು. "ಇನ್ನೂ ಇಲ್ಲ ಅಜ್ಜಿ." "ಇರ್ಲಿ ಬಿಡು. ರಾಗಿನೂ ಬಿತ್ತಿದ್ ದಿನಾನೇ ತೆನೆ ಬಿಡಾಕಿಲ್ಲ. ಯಾರಿಗಾರ ಉಪ್ಯೋಗಕ್ಕೆ ಬತ್ತದೆ." ಆ ಕಂಪನಿಯ ಮೇಲೆ ನಂಬಿಕೆ ಇಟ್ಟಿದ್ದವರು ಊರಿನಲ್ಲಿ ಅವರೊಬ್ಬರೇ. ರಘುನಾಥ ಕಣ್ಣೊರೆಸಿಕೊಂಡ. ಒರೆಸಿಕೊಳ್ಳುತ್ತಿರುವಾಗಲೇ ಮೂರು ಗಂಟೆ ನೆನಪಾಯಿತು. ನೆನಪಾದದ್ದಕ್ಕೆ ಅವನಿಗೇ ನಾಚಿಕೆಯಾಯಿತು.

ಅಷ್ಟರಲ್ಲಿ ವಾಸು ಬಂದ. ಮೂಲೆಯ ಜೆರಾಕ್ಸ್ ಅಂಗಡಿಯ ಈ ವಾಸು ಮದುವೆಗಳಿಗೆ ಕರೆದರೂ ಬರುವವನಲ್ಲ, ಸಾವುಗಳಿಗೆ ಕರೆಯುವ ಮೊದಲೇ ಹಾಜರು. ಅರ್ಧ ಗಂಟೆಯಲ್ಲಿ ಶಾಮಿಯಾನದ ಗೂಟ ಬಿತ್ತು, ಕುರ್ಚಿ ಇಳಿದವು, ನಾಲ್ವರು ತಮಟೆಯವರು ಬಂದು ಬೆಂಕಿಗೆ ಚರ್ಮ ಕಾಯಿಸಿದರು. ಒಂಬತ್ತೂವರೆಗೆ ಮೊದಲ ಏಟು ಬಿತ್ತು.

ರಘುನಾಥನ ಮೊಬೈಲು ತಕ್ಷಣ ಕೂಗಿತು.

"ರಘುನಾಥ್ ಅವ್ರೇ, ಆ ತಮಟೆ ನಿಲ್ಸಿ! ನೆಲ ಅಲ್ಲಾಡಿ ಗ್ರಾಫ್ ಪೂರ್ತಿ ಹಾಳಾಗೋಯ್ತು! ಮೂರು ಗಂಟೆಗೆ ಹಿಂಗಾದ್ರೆ ನಮ್ ಕತೆ ಮುಗೀತು!"

ಚೈತ್ರಳ ದನಿ ಅಕ್ಕಯ್ಯಮ್ಮನ ತಲೆಯ ಹತ್ತಿರ ಕೂತಿದ್ದ ಹೆಂಗಸರ ತನಕ ಹೋಯಿತು. ಅಳು ಅರ್ಧಕ್ಕೆ ನಿಂತಿತು.

"ಏನ್ರೀ ರಘುನಾಥ್" ಎಂದ ವಾಸು, "ಸಾವಿನ ಮನೇಲಿ ತಮಟೆ ನಿಲ್ಸು ಅಂತೀರಲ್ಲ, ಮನುಷ್ಯರೇನ್ರೀ ನೀವು?"

ರಘುನಾಥ ಮೊಬೈಲನ್ನು ಜೇಬಿಗೆ ತುರುಕಿದ. ಅವನನ್ನು ಕಾಪಾಡಿದವರು ಅಶ್ವತ್ಥಪ್ಪನವರು. "ಬಿಡ್ರಪ್ಪ. ಅಕ್ಕ ಕಾಸಿಗೋಗವ್ಳೆ. ಮೂರೂವರೆಗೆ ಇಮಾನ ಇಳೀತದಂತೆ. ಅವ್ಳು ಬಂದು ಅವ್ವನ ಮಕ ನೋಡೋಗಂಟ ಎತ್ತಾಕಿಲ್ಲ. ಐದೂವರೆಗೆ ಎತ್ತೋವಾಗ ಬಡುದ್ರಾಯ್ತು. ಅಲ್ಲೀಗಂಟ ಅವ್ರಿಗೂ ವಸಿ ತಿಂಡಿ ಕೊಡಿಸ್ರಿ." ಅಕ್ಕ ಎಂದರೆ ಅಕ್ಕಯ್ಯಮ್ಮನ ಹಿರಿಮಗಳು ದ್ರೌಪದಮ್ಮ. ರಘುನಾಥ ತಮಟೆಯವರನ್ನು ತಾನೇ ಹೋಟೆಲಿಗೆ ಕರೆದುಕೊಂಡು ಹೋಗಿ, ಅವರು ಬೇಡ ಎನ್ನುವ ತನಕ ಇಡ್ಲಿ ವಡೆ ಕೊಡಿಸಿದ. ಅವರು ಬಂದು ಹಲಸಿನ ಮರದ ಕೆಳಗೆ ತಮಟೆಗಳನ್ನು ತಲೆದಿಂಬು ಮಾಡಿಕೊಂಡು ಮಲಗಿದರು. ಗ್ರಾಫು ಮತ್ತೆ ನೆಟ್ಟಗಾಯಿತು.

ಹತ್ತೂವರೆಗೆ ಫ್ರೀಜರ್ ಬಾಕ್ಸ್ ಬಂತು. ಆಟೋ ಟೆಂಪೋದಿಂದ ಅದು ಇಳಿಯುತ್ತಲೇ ರಘುನಾಥ ಗುರುತು ಹಿಡಿದ. ಏಳನೇ ನಂಬರು. ಅಂಗಡಿಯ ಒಂಬತ್ತು ಪೆಟ್ಟಿಗೆಗಳಲ್ಲಿ ಅತ್ಯಂತ ಹಠಮಾರಿ. ಅದರ ಹಿಂದೆಯೇ ಡ್ರೈವರ್ ವಾಜಿದ್ ಇಳಿದ.

"ಅರೆ, ರಘು ಅಣ್ಣಾ! ನೀವು ಇಲ್ಲಿ?"

ರಘುನಾಥ ಅವನನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಎಳೆದುಕೊಂಡು ಹೋದ. "ವಾಜಿದ್, ನಿನ್ ದಮ್ಮಯ್ಯ. ಇಲ್ಲಿ ಯಾರಿಗೂ ನನ್ ಹಳೇ ಕೆಲಸ ಗೊತ್ತಿಲ್ಲ. ಸಾಯಂಕಾಲ ಮಗಳನ್ನ ನೋಡೋಕೆ ಬರ್ತಿದ್ದಾರೆ. ನೀನು ನನ್ನ ನೋಡೇ ಇಲ್ಲ, ಆಯ್ತಾ?"

ವಾಜಿದ್‌ನಿಗೆ ಸ್ವಲ್ಪ ಬೇಜಾರಾದರೂ ಮಾತು ಕೊಟ್ಟ. ಕೊಟ್ಟ ಮಾತು ಉಳಿಸಿಕೊಳ್ಳುವ ಮನುಷ್ಯ ಅವನು. ಶಾಮಿಯಾನಕ್ಕೆ ಬಂದವನೇ, ಯಾರೂ ಕೇಳದಿದ್ದರೂ, "ಈ ಸರ್ ಯಾರೋ ನಂಗೆ ಗೊತ್ತೇ ಇಲ್ಲ. ಲೈಫಲ್ಲೇ ನೋಡಿಲ್ಲ" ಎಂದು ನಾಲ್ಕು ಜನಕ್ಕೆ ಹೇಳಿದ.

ಮಧ್ಯಾಹ್ನ ಒಂದೂಮುಕ್ಕಾಲಿನ ತನಕ ಎಲ್ಲ ನೆಟ್ಟಗೆ ನಡೆಯಿತು. ಆಮೇಲೆ ಏಳನೇ ನಂಬರಿನ ಪೆಟ್ಟಿಗೆ ಒಮ್ಮೆ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ವಾಜಿದ್ ಎಡಗಡೆ ಕೆಳಗೆ ಎರಡು ಗುದ್ದಿದ. ಅದು ರಘುನಾಥ ಕಲಿಸಿದ್ದ ಮದ್ದು. ಏನೂ ಆಗಲಿಲ್ಲ. ಬೇರೆ ಪೆಟ್ಟಿಗೆ ಕೇಳಿದರೆ ಎಲ್ಲವೂ ಹೊರಗೆ ಹೋಗಿವೆ ಎಂದರು. ಏಪ್ರಿಲ್ ಬಿಸಿಲು ಶಾಮಿಯಾನದ ಮೇಲೆ ಕೂತಿತ್ತು.

ವಾಸು ಗಡಿಯಾರ ನೋಡಿದ. "ಇನ್ ಕಾಯೋಕಾಗಲ್ಲ ಅಶ್ವತ್ಥಪ್ಪನೋರೇ. ಈಗ ರಾಹುಕಾಲ. ಮೂರಕ್ಕೆ ಮುಗಿಯುತ್ತೆ. ಮೂರಕ್ಕೆ ಸರಿಯಾಗಿ ಎತ್ತಿಬಿಡೋಣ. ಏ, ತಮಟೆಯೋರ್ನ ಎಬ್ಬಿಸ್ರೋ! ಪಟಾಕಿ ಎಲ್ಲಿ?"

ಅಶ್ವತ್ಥಪ್ಪನವರು ಪೆಟ್ಟಿಗೆಯ ಗಾಜಿನ ಮೇಲೆ ಕೈಯಿಟ್ಟು, "ಅಕ್ಕ ನೋಡಾಕಿಲ್ವಲ್ಲ" ಎಂದು ಮಾತ್ರ ಅಂದರು.

ರಘುನಾಥನ ತಲೆಯಲ್ಲಿ ಮೊದಲು ಬಂದದ್ದು ಮೂರು ಗಂಟೆಯ ತಮಟೆ. ಆದರೆ ಅವನನ್ನು ಎಬ್ಬಿಸಿದ್ದು ಅದಲ್ಲ, ಗಾಜಿನ ಮೇಲಿದ್ದ ಆ ಮುದುಕರ ಕೈ. ಕೈಲಾಗುವವನು ಕೈಕಟ್ಟಿ ಕೂತರೆ ಅದು ಪಾಪ. "ಒಂದೈದ್ ನಿಮಿಷ ಸ್ವಾಮಿ" ಎಂದು ಕೊಟ್ಟಿಗೆಗೆ ಓಡಿ, ಯಂತ್ರದ ನೀರು ತಂಪು ಮಾಡುವ ಘಟಕಕ್ಕೆಂದು ಇಟ್ಟಿದ್ದ ಸ್ಪೇರ್ ಕಂಟ್ರೋಲರನ್ನು ತಂದ. ಪೆಟ್ಟಿಗೆಯ ಕೆಳಗೆ ಅಂಗಾತ ಮಲಗಿ, ಕೆಟ್ಟುಹೋದ ಥರ್ಮೋಸ್ಟಾಟ್ ಕಿತ್ತು, ಹೊಸದನ್ನು ಜೋಡಿಸಿದ. ಇಪ್ಪತ್ತು ನಿಮಿಷದಲ್ಲಿ ಏಳನೇ ನಂಬರು ಹಿಂದೆಂದೂ ಓಡದಷ್ಟು ಸೊಗಸಾಗಿ ಓಡತೊಡಗಿತು.

"ನಿಮ್ಗೆ ಇದೆಲ್ಲ ಹೆಂಗ್ರೀ ಗೊತ್ತು?" ಎಂದ ವಾಸು, ಅನುಮಾನದಿಂದ.

"ನಮ್ ಕಂಪ್ಯೂಟರೂ ಹೆಚ್ಚುಕಮ್ಮಿ ಹಿಂಗೇ" ಎಂದ ರಘುನಾಥ. ಅವನಿಗೆ ಗೊತ್ತಿದ್ದ ಮಟ್ಟಿಗೆ ಅದು ಸತ್ಯವೇ.

ಎತ್ತುವುದು ಮತ್ತೆ ಐದೂವರೆಗೆ ಹೋಯಿತು. ಆದರೆ ಅವನು ಒಂದು ತಪ್ಪು ಮಾಡಿದ್ದ. ಎಂಟು ತಿಂಗಳಿಂದ ಅವನು ಕೆಲಸ ಮಾಡುತ್ತಿದ್ದ ಜಾಗದಲ್ಲಿ ಚಳಿ ಹೆಚ್ಚಾದಷ್ಟೂ ಹೊಗಳಿಕೆ ಹೆಚ್ಚು. ಕೈ ಆ ಅಭ್ಯಾಸದಲ್ಲೇ ಕಂಟ್ರೋಲರನ್ನು ತಿರುಗಿಸಿ ತಿರುಗಿಸಿ ಕೊನೆ ಮುಟ್ಟಿಸಿತ್ತು. ಎರಡೂಮುಕ್ಕಾಲಿಗೆ ಗಾಜಿನ ತುಂಬ ಬೆಳ್ಳಗೆ ಮಂಜು ಹಿಡಿಯಿತು.

"ಅಯ್ಯೋ, ಅಕ್ಕಯ್ಯಮ್ಮನ ಮಕಾನೇ ಕಾಣ್ತಿಲ್ವಲ್ಲಪ್ಪೋ!" ಎಂದು ಪಕ್ಕದ ಮನೆಯ ಮುನಿಯಲ್ಲಮ್ಮ ಕೂಗಿಕೊಂಡರು. ಹಾರ ಹಿಡಿದು ಬಂದವರು ಯಾವ ಕಡೆ ತಲೆ, ಯಾವ ಕಡೆ ಕಾಲು ಎಂದು ತಿಳಿಯದೆ ಸುತ್ತು ಹಾಕತೊಡಗಿದರು. ಚಳಿ ಕಮ್ಮಿ ಮಾಡಬೇಕೆಂದರೆ ಪೆಟ್ಟಿಗೆ ಆಫ್ ಮಾಡಬೇಕು, ಆಫ್ ಮಾಡಿದರೆ ಮತ್ತೆ ಶುರುವಾಗುತ್ತದೆಂಬ ನಂಬಿಕೆ ಆ ಪೆಟ್ಟಿಗೆಯ ಮೇಲೆ ಇರಲಿಲ್ಲ. ರಘುನಾಥ ಹೆಗಲ ಟವೆಲು ತೆಗೆದು, ಪೆಟ್ಟಿಗೆಯ ಪಕ್ಕ ಕೂತು, ಗಾಜು ಒರೆಸಲು ಶುರುಮಾಡಿದ. ಒರೆಸಿದರೆ ಎರಡು ನಿಮಿಷ ಮುಖ ಕಾಣುವುದು, ಆಮೇಲೆ ಮತ್ತೆ ಮಂಜು. "ಕ್ಷಮಿಸಿ ಅಜ್ಜಿ" ಎಂದು ಅವನು ಮೆಲ್ಲಗೆ ಹೇಳಿದ. ಒಳಗೆ ಅಕ್ಕಯ್ಯಮ್ಮ ಚಳಿಗೆ ಸೆರಗು ಹೊದ್ದು ಮಲಗಿದವರಂತೆ ಇದ್ದರು.

ಮೂರಕ್ಕೆ ಸರಿಯಾಗಿ ಚಿಕ್ಕಬೈರಪ್ಪನವರ ಕಾರು ಬಂತು. ಚೈತ್ರ ಬಾಗಿಲಿಗೆ ಓಡಿಬಂದಳು. ಹಳೇ ಕಾಲದ ಮನುಷ್ಯ ಅವರು, ಸಾವಿನ ಮನೆ ಕಂಡ ಮೇಲೆ ಕಂಪನಿಯ ಕಡೆ ನೋಡುತ್ತಾರೆಯೇ? ಚಪ್ಪಲಿ ಬಿಟ್ಟು, ವಾಸುವಿನ ಕೈಯಿಂದ ಹಾರ ತೆಗೆದುಕೊಂಡು, ನೇರವಾಗಿ ಪೆಟ್ಟಿಗೆಯ ಹತ್ತಿರ ಬಂದು ಕೈಮುಗಿದರು. ಆಮೇಲೆ ಗಾಜಿನ ಮೇಲೆ ಬೆರಳಿಟ್ಟು, ಸುಟ್ಟವರಂತೆ ತೆಗೆದರು.

"ಇದ್ಯಾವ ಪೆಟ್ಗೆ ಇಂಗೆ ತಣ್ಣಗೈತೆ?"

"ಕೆಳಗಡೆ ಕಂಪ್ಯೂಟರ್ ಕಂಪನಿ ರಘುನಾಥ್ ಅವ್ರು ಸರಿ ಮಾಡಿದ್ದು ಸಾರ್" ಎಂದ ವಾಸು, ತಾನೇ ಮಾಡಿಸಿದವನ ಹಾಗೆ.

ಚಿಕ್ಕಬೈರಪ್ಪನವರು ರಘುನಾಥನನ್ನೂ ಅವನ ಒದ್ದೆ ಟವೆಲನ್ನೂ ಬಹಳ ಹೊತ್ತು ನೋಡಿದರು. "ಓದ್ ತಿಂಗ್ಳು ನಮ್ಮಣ್ಣ ತೀರೋದ. ಪೆಟ್ಗೆ ನಡುದಾರೀಲಿ ಕೆಟ್ಟೋಯ್ತು. ಮಗ್ಳು ಬರೋ ಒತ್ಗೆ..." ಎಂದು ನಿಲ್ಲಿಸಿ ಕೊಟ್ಟಿಗೆಯ ಕಡೆ ತಿರುಗಿದರು. ವಾಜಿದ್‌ಗೆ ಟವೆಲು ಕೊಟ್ಟು ರಘುನಾಥ ಅವರ ಹಿಂದೆ ಕೊಟ್ಟಿಗೆಗೆ ಇಳಿದ.

ಯಂತ್ರ ಆ ದಿನ ಕೆಲಸ ಮಾಡಿದ ಹಾಗೆ ಎಂದೂ ಮಾಡಿರಲಿಲ್ಲ. ಸಾವಿನ ಮನೆಯ ಮೌನ ಇಡೀ ಬೀದಿಯನ್ನು ಹಿಡಿದಿತ್ತು. ಹಾರ್ನ್ ಇಲ್ಲ, ಟಿ.ವಿ. ಇಲ್ಲ, ಬೋರ್‌ವೆಲ್ ಮೋಟರೂ ಇಲ್ಲ. ಪರದೆಯ ಮೇಲೆ ಗೆರೆ ಅಲೆ ಅಲೆಯಾಗಿ ಇಳಿದು, ಪುಸ್ತಕದಲ್ಲಿರುವಂತೆಯೇ ನಿಂತಿತು. ಚೈತ್ರಳ ಕಣ್ಣಲ್ಲಿ ನೀರು ಬಂತು.

"ಇದ್ರಿಂದ ಏನ್ ಉಪ್ಯೋಗ ತಾಯಿ?" ಎಂದು ಕೇಳಿದರು ಚಿಕ್ಕಬೈರಪ್ಪ.

"ಹೊಸ ಔಷಧಿ ಕಂಡುಹಿಡೀಬಹುದು ಸರ್. ಹೊಸ ಬ್ಯಾಟರಿ, ಗೊಬ್ಬರ. ಈಗಿನ ಕಂಪ್ಯೂಟರ್‌ಗಳು ಸಾವಿರ ವರ್ಷ ತಗೊಳ್ಳೋ ಲೆಕ್ಕಾನ..."

"ಯಾವಾಗ?"

ಚೈತ್ರ ಸುಳ್ಳು ಹೇಳಲು ಬರದ ಹುಡುಗಿ. "ಒಂದ್ ಹತ್ತು ವರ್ಷ ಆಗ್ಬಹುದು ಸರ್."

"ಇನ್ನೂ ಎಲ್ಡ್ ಕಂಪ್ನಿ ನೋಡ್ದೆ. ಅವ್ರೂ ಅತ್ತೇ ವರ್ಸ ಅಂದ್ರು. ಐದೊರ್ಸದ ಇಂದೆ ಕೇಳಿದ್ರೂ ಅತ್ತೇ ಅಂತಿದ್ರಂತೆ." ಅವರು ಪೀಪಾಯಿಯ ಸುತ್ತ ಒಂದು ಸುತ್ತು ಬಂದರು. "ಈ ತಣ್ಣಗ್ ಮಾಡೋದು ಮಾತ್ರ ಈಗ್ಲೇ ಆಯ್ತದಾ?"

"ಅದು ಆಗ್ಲೇ ಆಗ್ತಿದೆ ಸರ್. ಅದೆಲ್ಲ ನಮ್ ರಘುನಾಥ್ ಅವ್ರ ಕೈಚಳಕ."

ಚಿಕ್ಕಬೈರಪ್ಪನವರು ತಲೆಯಾಡಿಸಿ, ಒಂದು ಮಾತೂ ಆಡದೆ, ಹೊರಗೆ ಹೋಗಿ ಚಪ್ಪಲಿ ಮೆಟ್ಟಿ ಕಾರು ಹತ್ತಿದರು. ಚೈತ್ರ ಕುರ್ಚಿಯಲ್ಲಿ ಕುಸಿದಳು.

"ಮುಗೀತು. ಬರ್ತೀನಿ ಅಂತ ಒಂದ್ ಮಾತೂ ಹೇಳ್ಲಿಲ್ಲ ಅವ್ರು."

"ಅಯ್ಯೋ ಮೇಡಂ" ಎಂದ ರಘುನಾಥ, ಇಷ್ಟು ವರ್ಷದ ಅನುಭವದ ಗಾಂಭೀರ್ಯದಿಂದ, "ಸಾವಿನ ಮನೆಯಿಂದ ಹೊರಡೋವಾಗ ಯಾರೂ ಬರ್ತೀನಿ ಅನ್ನಲ್ಲ. ಅನ್ನಬಾರ್ದು. ಹೇಳದೆ ಹೋದ್ರು ಅಂದ್ರೆ ಮರ್ಯಾದೆ ತಿಳಿದೋರು ಅಂತರ್ಥ."

ಐದಕ್ಕೆ ಹತ್ತು ನಿಮಿಷವಿರುವಾಗ ದ್ರೌಪದಮ್ಮ ಬಂದರು. ಕಾಶಿಯ ದಾರ ಇನ್ನೂ ಕೈಯಲ್ಲಿತ್ತು. ರಘುನಾಥ ಕೊನೆಯ ಸಲ ಗಾಜು ಒರೆಸಿ ಪಕ್ಕಕ್ಕೆ ಸರಿದ. ಅವರು ಬಗ್ಗಿ, ಗಾಜಿಗೆ ಕೆನ್ನೆ ಇಟ್ಟು, "ಅವ್ವಾ" ಎಂದರು. ಅಷ್ಟೇ. ಆ ಒಂದು ಮಾತಿಗೆ ಬೀದಿಯೆಲ್ಲ ಅತ್ತಿತು. ವಾಸು ಕೂಡ ಮುಖ ತಿರುಗಿಸಿಕೊಂಡ. ಐದೂವರೆಗೆ ತಮಟೆ ಬಿದ್ದಿತು, ಪಟಾಕಿ ಸಿಡಿಯಿತು, ಕೊಟ್ಟಿಗೆಯಲ್ಲಿ ಗ್ರಾಫು ಕುಣಿಯಿತು, ಯಾರೂ ಅದನ್ನು ನೋಡುತ್ತಿರಲಿಲ್ಲ. ನಾಲ್ಕು ಹೆಜ್ಜೆ ಹೆಗಲು ಕೊಟ್ಟು ರಘುನಾಥ ತನ್ನ ಸ್ಕೂಟರ್ ಹತ್ತಿದ. ಬಹಳ ದಿನಗಳ ಮೇಲೆ ತಾನು ಒಂದು ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತ್ತು ಅವನಿಗೆ.

ಸಾವಿನ ಮನೆಯಿಂದ ಬಂದವನನ್ನು ಧನಲಕ್ಷ್ಮಿ ಹಿತ್ತಲಲ್ಲೇ ನಿಲ್ಲಿಸಿ ಮೂರು ಬಿಂದಿಗೆ ನೀರು ಸುರಿದಳು. ಅವನು ತಲೆ ಒರೆಸಿಕೊಂಡು, ಇಸ್ತ್ರಿ ಅಂಗಿ ಹಾಕಿ ಹಾಲಿಗೆ ಬರುವ ಹೊತ್ತಿಗೆ ಗಂಡಿನ ಕಡೆಯವರು ಉಪ್ಪಿಟ್ಟು ಮುಗಿಸಿ ಕಾಫಿಗೆ ಬಂದಿದ್ದರು. ಹುಡುಗ ಗಿರಿ, ಅವನ ತಾಯಿ ಸುಬ್ಬಲಕ್ಷ್ಮಮ್ಮ, ತಂದೆ. ಗಿರಿ ಎರಡು ಸಲ ರಾಧಾಮಣಿಯ ಕಡೆ ಕದ್ದು ನೋಡಿದ. ಅವಳು ಒಂದು ಸಲ ನೋಡಿದಳು. ಅದೂ ರಘುನಾಥನ ಕಣ್ಣಿಗೆ ಬಿತ್ತು.

"ತಮ್ಮ ಕಂಪನೀಲಿ ಏನ್ ಮಾಡ್ತಾರೆ?" ಎಂದರು ಗಿರಿಯ ತಂದೆ.

"ಕ್ವಾಂಟಂ ಕಂಪ್ಯೂಟರ್ ಸಾರ್. ಇನ್ನು ಹತ್ತು ವರ್ಷಕ್ಕೆ ಪ್ರಪಂಚಾನೇ ಬದಲಾಗುತ್ತೆ."

"ಭೇಷ್" ಎಂದರು ಅವರು. ಸುಬ್ಬಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು, "ನೋಡಿ, ನಾವು ಹೆಚ್ಚು ಎಳೆಯೋ ಜನ ಅಲ್ಲ. ನಮ್ಗೆ ಹುಡುಗಿ..." ಎಂದು ಬಾಯಿ ತೆರೆದರು.

ಮೊಬೈಲು ಹೊಡೆದುಕೊಂಡಿತು. ಚೈತ್ರ. ಕಂಪ್ಯೂಟರ್ ಕಂಪನಿಯ ಫೋನು, ಇಂಥ ಹೊತ್ತಿನಲ್ಲಿ! ರಘುನಾಥ ಹೆಮ್ಮೆಯಿಂದ ಅದನ್ನು ಟೀಪಾಯಿಯ ಮೇಲೆ, ಕಾಫಿ ಲೋಟಗಳ ನಡುವೆ ಇಟ್ಟು ಒತ್ತಿದ.

"ರಘುನಾಥ್ ಅವ್ರೇ, ಚಿಕ್ಕಬೈರಪ್ಪನೋರು ವಾಪಸ್ ಬಂದು ಒಪ್ಪಿಬಿಟ್ರು! ಬಂಡವಾಳ ಹಾಕ್ತಾರಂತೆ, ಕಂಪನಿ ಉಳೀತು! ನಿಮ್ಮನ್ನ ಒಂದು ವಿಭಾಗಕ್ಕೇ ಮುಖ್ಯಸ್ಥರನ್ನಾಗಿ ಮಾಡ್ಬೇಕಂತೆ! ಇರಿ, ಅವ್ರೇ ಮಾತಾಡ್ತಾರೆ."

ಗಿರಿಯ ತಂದೆ ಹುಬ್ಬೇರಿಸಿ ಹೆಂಡತಿಯನ್ನು ನೋಡಿದರು. ಧನಲಕ್ಷ್ಮಿ ಅಡುಗೆಮನೆಯ ಬಾಗಿಲಲ್ಲಿ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಳು. ಮೊಬೈಲಿನಿಂದ ಚಿಕ್ಕಬೈರಪ್ಪನವರ ದನಿ, ಹೊಲದ ಆ ಬದಿಯಿಂದ ಕೂಗಿದಂತೆ, ಮನೆ ತುಂಬಿತು.

"ರಗುನಾತಪ್ಪ! ಆ ಕ್ವಾಂಟಮ್ಮು ಬೇಕಾದ್ರೆ ಅತ್ತು ವರ್ಸ ಕಾಯ್ಲಿ. ಜನ ದಿನಾ ಸಾಯ್ತಾರೆ ಕಣಪ್ಪ! ಮೊದ್ಲು ನೂರು ಎಣದ ಪೆಟ್ಗೆ ಮಾಡು, ಈವತ್ ಮಾಡ್ದಂಗೆ. ಆ ಡ್ರೈವರ್ ಉಡ್ಗನ್ನ ಕೇಳ್ದೆ. ನಿನ್ನ ಗೊತ್ತೇ ಇಲ್ಲ, ನೀನು ಯಸವಂತ್ಪುರದ ಅಂಗ್ಡೀಲಿ ಏಳ್ ವರ್ಸ ಎಣದ ಪೆಟ್ಗೆ ರಿಪೇರಿ ಮಾಡ್ದೋನೇ ಅಲ್ಲ ಅಂದ. ಆಗ್ಲೇ ನಂಗೆ ಗೊತ್ತಾಗೋಯ್ತು!"

ರಘುನಾಥ ಮೊಬೈಲಿಗೆ ಕೈ ಚಾಚಿದ. ಕೈಗೆ ಕಾಫಿ ಲೋಟ ತಗುಲಿತು.

ಗಿರಿಯ ತಂದೆ ಅರ್ಧ ಕುಡಿದ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟರು. ಸುಬ್ಬಲಕ್ಷ್ಮಮ್ಮ ಎದ್ದರು. ಗಿರಿ ಒಮ್ಮೆ ರಾಧಾಮಣಿಯ ಕಡೆ ನೋಡಿ, ತಲೆ ತಗ್ಗಿಸಿ ಎದ್ದ. ಧನಲಕ್ಷ್ಮಿ ಕುಂಕುಮದ ಬಟ್ಟಲು ಹಿಡಿದು ಓಡಿಬರುವಷ್ಟರಲ್ಲಿ ಮೂವರೂ ಚಪ್ಪಲಿ ಮೆಟ್ಟಿ ಗೇಟು ದಾಟಿದ್ದರು. ಒಬ್ಬರೂ ಬರ್ತೀವಿ ಅನ್ನಲಿಲ್ಲ.

"ಅಪ್ಪಾ" ಎಂದಳು ರಾಧಾಮಣಿ, "ಅವ್ರು ಏನೂ ಹೇಳದೇ ಹೋದ್ರಲ್ಲ. ಹಂಗಂದ್ರೇನು?"

ಅದರ ಅರ್ಥವನ್ನು ಅವನು ಮಧ್ಯಾಹ್ನವಷ್ಟೇ ಇನ್ನೊಬ್ಬರಿಗೆ ಬಿಡಿಸಿ ಹೇಳಿದ್ದ. ಟೀಪಾಯಿಯ ಮೇಲೆ ಮೊಬೈಲು ಇನ್ನೂ ಮಾತಾಡುತ್ತಲೇ ಇತ್ತು.

"ಏನಪ್ಪಾ, ಕೇಳ್ತೈತಾ? ಆ ಏಳ್ನೇ ನಂಬರ್ ಪೆಟ್ಗೇನ ನಾನೇ ಕೊಂಡ್ಕಂಡಿದೀನಿ, ಮಾದರಿಗಿರ್ಲಿ ಅಂತ. ನಾಳೆ ಒಂಬತ್ಗೆ ಕೊಟ್ಗೆಗೆ ತರ್ತೀನಿ. ಸರಿ ಅಂಗಾರೆ, ಬರ್ತೀನಿ!"

ಆ ದಿನ ಅವನಿಗೆ ಆ ಮಾತು ಹೇಳಿದವರು ಅವರೊಬ್ಬರೇ.